ಭಾವ ಹಿಡಿದ ಚೆಂಡು

ಕಳೆದ ಮಂಗಳವಾರ ಊಟಿಯ ಸಂತೆಗೆ ಆಲೂಗಡ್ಡೆ ಹಾಕಿ ನಾನೂ ನನ್ನ ಅಕ್ಕನ ಮಗನೂ ರೈಲು ಹಿಡಿಯಲು ನಡೆದು ಬರುತ್ತಿದ್ದೆವು. ದಾರಿಯ ಕೆಳಗಿನ ತಗ್ಗಿನಲ್ಲಿ ಯಾರೋ ಎಲೆ ಬೇಯಿಸುತ್ತಿದ್ದರು. ನಾವು ಕರ್ಪೂರದ ಮರ ಎನ್ನುತ್ತೇವೆ, ಮೈಸೂರು ಕಡೆಯ ವ್ಯಾಪಾರಿಗಳು ನೀಲಗಿರಿ ಮರ ಎನ್ನುತ್ತಾರೆ. ಅದರ ಎಲೆಯನ್ನು ದೊಡ್ಡ ತಾಮ್ರದ ಹಂಡೆಗೆ ತುಂಬಿ, ಕೆಳಗೆ ಬೆಂಕಿ ಹಾಕಿ ಎಣ್ಣೆ ಇಳಿಸುವ ಕೊಟ್ಟಿಗೆ ಅದು. ಗಾಳಿ ಇತ್ತ ತಿರುಗಿತು, ವಾಸನೆ ಮೂಗಿನಿಂದ ನೆತ್ತಿಗೇರಿತು. ಹಿಂದೆ ಬರುತ್ತಿದ್ದವರು ಮೂಗು ಮುಚ್ಚಿಕೊಂಡು ದಾಟಿ ಹೋದರು. ನಾನು ಅಲ್ಲೇ ನಿಂತುಬಿಟ್ಟೆ. ತೀರಿಹೋಗಿ ಇಪ್ಪತ್ತು ವರ್ಷವಾದ ನನ್ನ ಭಾವನ ಕೈಗಳ ವಾಸನೆ ಅದು...

ಅಕ್ಕನ ಮಗನೊಡನೆ ಆ ದಿನ ಬೆಳಗಿನಿಂದಲೇ ನನಗೆ ವಾದ ನಡೆದಿತ್ತು. ಅವನು ಕುನ್ನೂರಿನ ಹತ್ತಿರ ಒಂದು ಟೀ ಫ್ಯಾಕ್ಟರಿಯಲ್ಲಿ ಗುಮಾಸ್ತ. ಪತ್ರಿಕೆ ಓದುತ್ತಾನೆ, ಓದಿದ್ದನ್ನೆಲ್ಲ ನನ್ನ ಕಿವಿಗೆ ಹಾಕುತ್ತಾನೆ. ಯುರೋಪಿನಲ್ಲಿ ದೇಶದೇಶಗಳು ಒಂದು ಕಪ್ಪಿಗಾಗಿ ಫುಟ್‌ಬಾಲ್ ಆಡುತ್ತವಂತೆ, ಸೋತ ದೇಶ ಅಂದೇ ಗಂಟುಮೂಟೆ ಕಟ್ಟಬೇಕಂತೆ. ಅವನಿಗೆ ಇದು ಸರಿಬಿದ್ದಿರಲಿಲ್ಲ.

"ಮೊದಲೇ ಕತ್ತಿ ಮಸೆದುಕೊಂಡು ನಿಂತವರು, ಮಾಮ. ಅವರಿಗೆ ಕಪ್ ಬೇರೆ ಬೇಕಾ? ಸುಮ್ಮನೆ ಸ್ನೇಹಕ್ಕೆ ಆಡಿ, ಕೈ ಕುಲುಕಿ ಮನೆಗೆ ಹೋದರೆ ಆಗದಾ?"

ಮಾತು ಕೇಳಲು ಚೆನ್ನಾಗಿದೆ. ಇಂಥ ಮಾತನ್ನು ನಾನು ಕೇಳಿದ್ದು ಎಂದೂ ಮೈದಾನಕ್ಕೆ ಇಳಿಯದವರಿಂದಲೇ. ನಾನು ಕಪ್ಪಿನ ಪಕ್ಷದವನು, ಇದರಲ್ಲಿ ನನಗೆ ಎಳ್ಳಷ್ಟೂ ಅನುಮಾನವಿಲ್ಲ. ಅನುಮಾನವಿಲ್ಲದಂತೆ ಮಾಡಿದವನು ಇವನ ತಂದೆಯೇ. ಅದು ಇವನಿಗೆ ಗೊತ್ತಿರಲಿಲ್ಲ.

ನಮ್ಮ ಹಟ್ಟಿ ಹುಬ್ಬತಲೆ, ಕುನ್ನೂರಿನ ಹತ್ತಿರ. ಭಾವನ ಹಟ್ಟಿ ಎರಡು ಬೆಟ್ಟದಾಚೆ. ನಮ್ಮ ಕಡೆ ಹಟ್ಟಿ ಎಂದರೆ ಊರೇ. ಒಂದೊಂದು ಹಟ್ಟಿಯೂ ಇನ್ನೊಂದಕ್ಕೆ ಅಣ್ಣತಮ್ಮಂದಿರಾಗಿರುತ್ತದೆ, ಇಲ್ಲವೆ ಹೆಣ್ಣು ಕೊಟ್ಟು ತರುವ ನಂಟರಾಗಿರುತ್ತದೆ. ನಮಗೂ ಅವರಿಗೂ ತಲೆತಲಾಂತರದ ನಂಟು. ನನ್ನ ಅಕ್ಕನನ್ನು ಅಲ್ಲಿಗೆ ಕೊಟ್ಟಾಗ ನನಗೆ ಮೀಸೆ ಆಗಷ್ಟೇ ಹುರಿಗೊಳ್ಳುತ್ತಿತ್ತು. ಭಾವ ಊಟಿಯ ದಾರಿಯಲ್ಲಿದ್ದ ಎಲೆ ಬೇಯಿಸುವ ಕೊಟ್ಟಿಗೆಯಲ್ಲಿ ಕೆಲಸ ಮಾಡುತ್ತಿದ್ದ. ಕಾದ ಹಂಡೆಯ ಮುಚ್ಚಳ ಎತ್ತಿ ಎತ್ತಿ ಅವನ ಅಂಗೈ ಕಾಲಿನ ಹಿಮ್ಮಡಿಯಂತೆ ಗಟ್ಟಿಯಾಗಿತ್ತು. ಮೊರದಗಲ ಕೈ. ಎಷ್ಟು ಉಜ್ಜಿ ತೊಳೆದರೂ ಎಣ್ಣೆಯ ವಾಸನೆ ಹೋಗುತ್ತಿರಲಿಲ್ಲ. ಅವನು ಬಂದದ್ದು ಮುಖ ನೋಡುವ ಮೊದಲೇ ನಮಗೆ ತಿಳಿಯುತ್ತಿತ್ತು. "ಅಕ್ಕ, ನಿನ್ನ ನೆಗಡಿ ಔಷಧಿ ಬಂತು" ಎಂದು ನಾನು ಕೂಗುತ್ತಿದ್ದೆ.

ಆ ಕೈಗಳನ್ನು ಅವನು ಗೋಲಿಗೆ ತಂದು ನಿಲ್ಲಿಸಿದ. ವೆಲಿಂಗ್ಟನ್ನಿನ ದಂಡಿನ ಬಿಳಿ ಸಿಪಾಯಿಗಳನ್ನು ನೋಡಿ ನೋಡಿ ನಮ್ಮ ಹಟ್ಟಿಗಳೂ ಆ ಹೊತ್ತಿಗೆ ಚೆಂಡು ಒದೆಯಲು ಕಲಿತಿದ್ದವು. ಕಲಿತೆವು ನಿಜ, ಆದರೆ ನಮ್ಮ ರೀತಿಯಲ್ಲಿ ಕಲಿತೆವು. ನಮ್ಮ ಮೈದಾನ ಎಂದರೆ ಎಮ್ಮೆ ಮೇಯುವ ಇಳಿಜಾರು. ಬಂದ ನಂಟರಿಗೆ ಇಳಿಜಾರಿನ ಕಡೆಗೆ ಒದೆಯುವ ಅನುಕೂಲ ಬಿಟ್ಟುಕೊಡಬೇಕು, ನಾವು ಏರಿನ ಕಡೆಗೆ ಒದೆಯಬೇಕು. ಗಡಿಯಾರ ಯಾರ ಬಳಿಯೂ ಇರಲಿಲ್ಲ. ಹಟ್ಟಿಯ ಗೌಡ ಕಲ್ಲಿನ ಮೇಲೆ ಕೂತು ನೋಡುತ್ತಿದ್ದ. ಎರಡೂ ಕಡೆ ಗೋಲು ಸಮವಾದ ಗಳಿಗೆಯಲ್ಲಿ ಕೋಲೆತ್ತುತ್ತಿದ್ದ. ಅಲ್ಲಿಗೆ ಆಟ ಮುಗಿಯಿತು. ಸಮವಾಗದಿದ್ದರೆ ಆಗುವವರೆಗೂ ಆಡಬೇಕು. ಮುಂದಿದ್ದವರಿಗೆ ಆಗ ಇದ್ದಕ್ಕಿದ್ದಂತೆ ಕಾಲು ಜಾರುತ್ತಿತ್ತು, ಉಸಿರು ಕಟ್ಟುತ್ತಿತ್ತು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ನಂಟರನ್ನು ಸೋಲಿಸಿ ಕಳಿಸುವುದೂ ಒಂದೇ, ಉಣ್ಣಿಸದೆ ಕಳಿಸುವುದೂ ಒಂದೇ ಎಂದು ಹಿರಿಯರು ತಿಳಿದಿದ್ದರು. ಆಮೇಲೆ ಸಾಮೆಯ ಅನ್ನ, ಅವರೆಕಾಳಿನ ಸಾರು, ತುಪ್ಪ.

ಆ ಆಟಗಳಲ್ಲಿ ನಾನು ಹುಲಿ. ಭಾವ ಗೋಲಿನಲ್ಲಿ ನಿಂತಿದ್ದರೆ ಅವನ ಬಲಗಡೆಯ ಮೂಲೆಗೆ ನಾನು ಒದ್ದ ಚೆಂಡು ತಪ್ಪಿದ್ದೇ ಇಲ್ಲ. ಅವನು ಕಂಬಳಿ ಬಿಸಾಡಿದ ಹಾಗೆ ಎಡಕ್ಕೆ ಹೋಗಿ ಬೀಳುತ್ತಿದ್ದ. ಚೆಂಡು ಬಲಕ್ಕೆ ಹೋಗಿರುತ್ತಿತ್ತು. ಹಟ್ಟಿಯ ಹೆಂಗಸರು ನಗುತ್ತಿದ್ದರು, ಅಕ್ಕನೂ ನಗುತ್ತಿದ್ದಳು. ನಾನು ಎದೆಯುಬ್ಬಿಸಿ ಹಿಂದಕ್ಕೆ ಬರುತ್ತಿದ್ದೆ. ಇಷ್ಟು ದೊಡ್ಡ ಕೈ ಇಟ್ಟುಕೊಂಡು ಒಂದು ಚೆಂಡು ಹಿಡಿಯಲು ಬಾರದವನಿಗೆ ಅಕ್ಕನನ್ನು ಕೊಟ್ಟರಲ್ಲ ಎಂದು ಮನಸ್ಸಿನಲ್ಲೇ ಮರುಗುತ್ತಿದ್ದೆ ಕೂಡ.

ಸಿಪಾಯಿಗಳೂ ವರ್ಷಕ್ಕೊಮ್ಮೆ ನಮ್ಮೊಡನೆ ಸ್ನೇಹದ ಆಟ ಆಡುತ್ತಿದ್ದರು. ಅವರ ಕಾಲಿಗೆ ಬೂಟು, ನಮ್ಮದು ಬರಿಗಾಲು. ನಗುನಗುತ್ತಾ ಆಡಿ, ತಮಗೆ ಬೇಕಾದಷ್ಟು ಗೋಲು ಹೊಡೆದುಕೊಂಡು, ಕೊನೆಯಲ್ಲಿ ನಮಗೊಂದು ಬಿಟ್ಟುಕೊಡುತ್ತಿದ್ದರು. ಬೆನ್ನು ತಟ್ಟಿ ಟೀ, ಬನ್ನು ಕೊಡುತ್ತಿದ್ದರು. ನಾವು ಬನ್ನು ತಿಂದು ಖುಷಿಯಾಗಿ ಬರುತ್ತಿದ್ದೆವು. ಭಾವ ಮಾತ್ರ ತಿನ್ನುತ್ತಿರಲಿಲ್ಲ. ಯಾಕೆ ಎಂದು ಒಮ್ಮೆ ಕೇಳಿದೆ.

"ಆ ಗೋಲು ಅವರು ಕೊಟ್ಟದ್ದು. ಬನ್ನೂ ಅವರು ಕೊಟ್ಟದ್ದು. ಎರಡೆರಡು ಪಿಚ್ಚೆ ಎನಗ ಬೇಡ ತಮ್ಮ" ಎಂದ. ಪಿಚ್ಚೆ ಎಂದರೆ ಭಿಕ್ಷೆ. ಆಗ ಅದು ನನಗೆ ಬರಿಯ ಹೊಟ್ಟೆಕಿಚ್ಚಿನ ಮಾತಾಗಿ ಕೇಳಿಸಿತ್ತು.

ಮರುವರ್ಷ ಒಬ್ಬ ಎಸ್ಟೇಟ್ ದೊರೆ ಕಪ್ ಇಟ್ಟ. ಹಟ್ಟಿಗಳೆಲ್ಲ ತಮ್ಮತಮ್ಮಲ್ಲಿ ಆಡಿ, ಗೆದ್ದು ಉಳಿದವರು ಕೊನೆಗೆ ಸಿಪಾಯಿಗಳೊಡನೆ ಆಡಬೇಕು. ಗಡಿಯಾರ ಇಟ್ಟು ಆಟ, ಸೀಟಿ ಊದಲು ಹೊರಗಿನವನು. ಸಮ ಗಿಮ ಏನಿಲ್ಲ, ಒಬ್ಬರು ಸೋಲಲೇಬೇಕು. ನಮ್ಮ ಹಟ್ಟಿಯೂ ಗೆಲ್ಲುತ್ತ ಬಂತು, ಭಾವನ ಹಟ್ಟಿಯೂ ಗೆಲ್ಲುತ್ತ ಬಂತು. ಕೊನೆಯ ಆಟಕ್ಕೆ ಮುಂಚೆ ನಾವು ನಾವೇ ಎದುರಾದೆವು.

ಬೇರೆ ಯಾವ ಸಮಯದಲ್ಲಾದರೂ ಇದು ದೊಡ್ಡ ಮಾತಾಗುತ್ತಿರಲಿಲ್ಲವೇನೋ. ಆದರೆ ಅಕ್ಕನಿಗೆ ಆಗ ಏಳನೆಯ ತಿಂಗಳು, ಕಣ್ಣಿ ಹಾಕುವ ದಿನ ಗೊತ್ತಾಗಿತ್ತು. ನಮ್ಮಲ್ಲಿ ಮದುವೆ ಗಟ್ಟಿಯಾಗುವುದು ಮದುವೆಯ ದಿನವಲ್ಲ. ಹೆಂಡತಿಗೆ ಏಳನೆಯ ತಿಂಗಳಾದಾಗ ನಂಟರೆಲ್ಲ ಸೇರಿದ ಕಡೆ ಗಂಡನು ಮಾವನನ್ನು ಕೇಳಬೇಕು: ನಿನ್ನ ಮಗಳ ಕೊರಳಿಗೆ ಕಣ್ಣಿ ಹಾಕಲಾ? ಮಾವ 'ಹಾಕು' ಎನ್ನಬೇಕು. ಆಗ ಆ ನೂಲಿನ ದಾರ ಕೊರಳಿಗೆ ಬಿದ್ದರೆ ಮುಗಿಯಿತು, ಇನ್ನು ಬಿಡಿಸುವಂತಿಲ್ಲ. ಅಲ್ಲಿಯವರೆಗೆ ಯಾರು ಬೇಕಾದರೂ ಹಿಂದೆ ಸರಿಯಬಹುದು. ಆಟ ಇದ್ದದ್ದು ಭಾನುವಾರ, ಕಣ್ಣಿ ಅದರ ಮುಂದಿನ ವಾರ.

ಅವ್ವೆ ಒಲೆಯ ಮುಂದೆ ಕೂತು ಅತ್ತಳು. "ಹೋಗಬೇಡ ಮಗನೆ. ಅವ ಸೋತರೆ ಯಾವ ಮುಖ ಇಟ್ಟುಕೊಂಡು ಬಂದು ಕೇಳುವ? ನೀ ಸೋತರೆ ನಿನ್ನಪ್ಪ ಯಾವ ಬಾಯಲ್ಲಿ ಹಾಕು ಅನ್ನುವ?" ಅಕ್ಕ ಹೆರಿಗೆಗೆಂದು ನಮ್ಮ ಮನೆಗೆ ಬಂದಿದ್ದಳು. ಬಾಗಿಲ ಬಳಿ ನಿಂತು ಕೇಳಿಸಿಕೊಂಡಳು. ಗೌಡ ಎರಡು ಹಟ್ಟಿಯವರನ್ನೂ ಕರೆದು, ಯಾರಾದರೂ ಒಬ್ಬರು ಆಟ ಬಿಟ್ಟುಕೊಡಿ ಎಂದ. ನಮ್ಮವರು ಹೂಂ ಎನ್ನುವಂತಿದ್ದರು. ಭಾವನೇ ಎದ್ದು ನಿಂತು "ನಾ ಆಡುವೆ" ಎಂದ. ಅವನು ಹಿರಿಯರ ಎದುರು ಮಾತಾಡಿದ್ದನ್ನು ನಾನು ನೋಡಿದ್ದು ಅದೇ ಮೊದಲು.

ಕುನ್ನೂರಿನ ಮೈದಾನ, ಸಮತಟ್ಟು. ಭಾವನ ಹಟ್ಟಿ ಒಂದು ಗೋಲು ಹೊಡೆದು ಮುಂದಿತ್ತು. ಹೊತ್ತು ಮುಗಿಯುತ್ತ ಬಂದಾಗ ಅವರವನೊಬ್ಬ ಗೋಲಿನ ಎದುರಲ್ಲೇ ಚೆಂಡಿಗೆ ಕೈಹಚ್ಚಿದ. ಸೀಟಿ ಕೇಳಿಸಿತು. ನಮಗೆ ಪೆನಾಲ್ಟಿ. ನಾನು ಬಂದೆ. ಎದುರಿಗೆ ಭಾವ. ನನಗೇನು ಹೆದರಿಕೆ? ಅವನ ಬಲಮೂಲೆ ಎಲ್ಲಿಗೂ ಹೋಗಿರಲಿಲ್ಲ. ಓಡಿ ಬಂದು, ಹುಟ್ಟಿದಾಗಿನಿಂದ ಒದೆಯದಷ್ಟು ಜೋರಾಗಿ ಒದ್ದೆ.

ಭಾವ ಎಡಕ್ಕೆ ಹೋಗಲಿಲ್ಲ. ನನ್ನ ಕಾಲು ಚೆಂಡಿಗೆ ತಾಗುವಾಗಲೇ ಅವನು ಬಲಕ್ಕೆ ಹಾರಿದ್ದ. ತಟ್ಟಿ ತಳ್ಳಲೂ ಇಲ್ಲ, ಎರಡು ಕೈಯಲ್ಲಿ ಹಿಡಿದ. ಹಿಡಿದು, ಎದೆಗವಚಿಕೊಂಡು ನೆಲಕ್ಕೆ ಬಿದ್ದ. ಬಿದ್ದಲ್ಲಿಂದಲೇ ನನ್ನ ಮುಖ ನೋಡಿದ.

ಆಗ ನನಗೆ ತಿಳಿಯಿತು. ನನ್ನ ಕಾಲು ಎತ್ತ ತಿರುಗುತ್ತದೆ ಎಂಬುದು ಅವನಿಗೆ ಮೊದಲ ಆಟದಿಂದಲೇ ಗೊತ್ತಿತ್ತು. ಇಷ್ಟು ದಿನವೂ ಗೊತ್ತಿದ್ದೇ ಎಡಕ್ಕೆ ಬೀಳುತ್ತಿದ್ದ. ನಾನು ಹೊಡೆದೆ ಎಂದುಕೊಂಡಿದ್ದ ಗೋಲುಗಳೆಲ್ಲ ಹೆಂಡತಿಯ ತಮ್ಮನಿಗೆ ಅವನು ಕೊಟ್ಟ ಉಡುಗೊರೆ. ನಾನು ಹುಲಿಯಾಗಿರಲಿಲ್ಲ. ಮನೆಗೆ ಬಂದ ನಂಟನಾಗಿದ್ದೆ, ಅಷ್ಟೇ.

ನಾವು ಸೋತೆವು. ನಂಟತನ ಮರೆತ ಮನುಷ್ಯ ಎಂದು ನಮ್ಮವರು ಗೊಣಗಿದರು. ಅಪ್ಪ ಒಬ್ಬನೇ ಎದ್ದು ಮನೆಗೆ ನಡೆದ.

ಆ ಸಂಜೆಯೇ ಭಾವ ಬಂದ. ಒದ್ದ ರಭಸಕ್ಕೆ ನನ್ನ ಹೆಬ್ಬೆರಳು ಬದನೆಕಾಯಿಯಾಗಿತ್ತು. ಜಗಲಿಯಲ್ಲಿ ಕಾಲು ಚಾಚಿ ಕೂತಿದ್ದೆ. ವಾಸನೆ ಬಂತು, ತಲೆ ಎತ್ತಲಿಲ್ಲ. ಅವನು ಎದುರಿಗೆ ಕುಕ್ಕರಿಸಿ ಕೂತು, ಸೀಸೆಯಿಂದ ಎಣ್ಣೆ ಸುರಿದು, ಕೇಳದೆಯೇ ನನ್ನ ಕಾಲು ಎಳೆದುಕೊಂಡು ಉಜ್ಜತೊಡಗಿದ.

"ಇಷ್ಟು ದಿನ ಯಾಕ ಬಿಟ್ಟೆ ಭಾವ?" ಎಂದೆ.

"ಅದು ಉಣ್ಣುವ ಮೊದಲಿನ ಆಟ. ಇದು ಆಟ." ಉಜ್ಜುವುದನ್ನು ನಿಲ್ಲಿಸಲಿಲ್ಲ. "ನೀ ಇವತ್ತು ಒದ್ದ ಹಾಗೆ ಎಂದಾದರೂ ಒದ್ದಿದ್ದೀಯಾ? ಬಿಟ್ಟಿದ್ದರೆ ಆ ಒದೆ ಹಾಳಾಗುತ್ತಿತ್ತು ತಮ್ಮ."

ಅಪ್ಪ ಒಳಗಿನಿಂದ ಕೇಳಿಸಿಕೊಳ್ಳುತ್ತಿದ್ದ. ಹೊರಗೆ ಬರಲಿಲ್ಲ, ಉಣ್ಣಲು ಕರೆಯಲೂ ಇಲ್ಲ. ನಮ್ಮ ಮನೆಗೆ ಬಂದ ಅಳಿಯ ಉಣ್ಣದೆ ಹೋದದ್ದು ಅದೇ ಮೊದಲು. ಆ ವಾರವಿಡೀ ಅಕ್ಕ ಬಾಯಿಗೆ ಅನ್ನ ಇಟ್ಟದ್ದು ಕಡಿಮೆ.

ಕಣ್ಣಿಯ ದಿನ ಎರಡು ಹಟ್ಟಿಯವರೂ ಸೇರಿದರು. ಅಕ್ಕ ಚಾಪೆಯ ಮೇಲೆ ತಲೆ ತಗ್ಗಿಸಿ ಕೂತಿದ್ದಳು. ಭಾವ ದಾರವನ್ನು ಆ ದೊಡ್ಡ ಕೈಗಳಲ್ಲಿ ಹಿಡಿದು ಕೇಳಿದ: "ಮಾವ, ನಿನ್ನ ಮಗಳ ಕೊರಳಿಗೆ ಕಣ್ಣಿ ಹಾಕಲಾ?" ಅಪ್ಪ ಕೂಡಲೇ ಉತ್ತರ ಹೇಳಬೇಕು, ಅದು ಪದ್ಧತಿ. ಹೇಳಲಿಲ್ಲ. ಅವ್ವೆ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಅಪ್ಪ ಭಾವನ ಕೈಗಳನ್ನೇ ನೋಡುತ್ತ ಕೂತಿದ್ದ... ನನಗೆ ಅದು ಆ ಆಟದಷ್ಟೇ ಉದ್ದವೆನಿಸಿತು. ಕೊನೆಗೆ, "ಹಿಡಿವ ಕೈ. ಹಾಕು" ಎಂದ.

ಕಪ್ಪಿನ ಕಥೆಯನ್ನೂ ಮುಗಿಸಿಬಿಡುತ್ತೇನೆ. ಭಾವನ ಹಟ್ಟಿಯವರು ಸಿಪಾಯಿಗಳೊಡನೆ ಆಡಿ ಒಂದು ಗೋಲಿನಿಂದ ಸೋತರು. ಆದರೆ ಆ ದಿನ ಬೂಟಿನವರು ನಗಲಿಲ್ಲ. ಭಾವ ಒಂದಾದ ಮೇಲೊಂದು ಹಿಡಿಯುತ್ತ ಹೋದಂತೆ ಅವರ ಮುಖ ಕೆಂಪಾಗುತ್ತ ಹೋಯಿತು, ತಮ್ಮತಮ್ಮಲ್ಲೇ ಬೈದಾಡಿಕೊಂಡರು. ಗೆದ್ದ ಮೇಲೆ ಅವರ ನಾಯಕ ತಾನಾಗಿ ನಡೆದು ಬಂದು ಭಾವನ ಕೈ ಹಿಡಿದ, ಆಮೇಲೆ ತನ್ನ ಅಂಗೈ ಮೂಸಿ ನೋಡಿಕೊಂಡ. ಬೆನ್ನು ತಟ್ಟಲಿಲ್ಲ. ಆ ದಿನ ಭಾವ ಬನ್ನು ತಿಂದ.

ಹಾಗಾಗಿ ಸ್ನೇಹದ ಆಟದಿಂದಲೇ ಸ್ನೇಹ ಬೆಳೆಯುತ್ತದೆ ಎಂದರೆ ನಾನು ನಂಬುವುದಿಲ್ಲ. ಆ ಆಟದಲ್ಲಿ ಬಲ್ಲವನು ಬಾರದವನಿಗೆ ಬಿಟ್ಟುಕೊಡುತ್ತಾನೆ, ಬಾರದವನು ಹುಲಿಯಾಗುತ್ತಾನೆ, ಇಬ್ಬರೂ ಒಬ್ಬರನ್ನೊಬ್ಬರು ಅರಿಯದೆ ಉಂಡು ಮನೆಗೆ ಹೋಗುತ್ತಾರೆ. ಒರೆಗೆ ಹಚ್ಚಿದ ಮೇಲೆಯೇ ಚಿನ್ನವೋ ಹಿತ್ತಾಳೆಯೋ ತಿಳಿಯುವುದು. ನಾನು ಹಿತ್ತಾಳೆ ಎಂದು ತಿಳಿದದ್ದರಿಂದ ನನಗೇನೂ ನಷ್ಟವಾಗಲಿಲ್ಲ. ಮರುದಿನದಿಂದ ಎಡಮೂಲೆಗೆ ಒದೆಯುವುದನ್ನೂ ಕಲಿತೆ. ಆಮೇಲೆ ಭಾವನೂ ನಾನೂ ಎಷ್ಟೋ ಕಪ್ಪಿನಲ್ಲಿ ಎದುರಾದೆವು, ನಿಜವಾಗಿ ಗೆದ್ದೆವು, ನಿಜವಾಗಿ ಸೋತೆವು. ನನಗೆ ಅವನಿಗಿಂತ ಹತ್ತಿರದವರು ಯಾರೂ ಆಗಲಿಲ್ಲ.

ಆಮೇಲೆ, ದೊರೆಗಳ ದೊಡ್ಡ ಯುದ್ಧ ಮುಗಿಯುವ ಹೊತ್ತಿಗೆ, ಆ ಜ್ವರದ ವರ್ಷ ಬಂತು. ಹಟ್ಟಿ ಹಟ್ಟಿಯಲ್ಲೂ ಹೊರುವವರಿಲ್ಲದೆ ಹೆಣ ಕಾಯುತ್ತಿತ್ತು. ಊರಿಗೆಲ್ಲ ಎಣ್ಣೆ ಹಂಚಿದ ಭಾವ ತಾನು ಮಲಗಿದವನು ಏಳಲಿಲ್ಲ. ಆಗ ಅಕ್ಕನ ಮಗನಿಗೆ ಏಳು ವರ್ಷ. ತಂದೆಯ ಮುಖ ಇವನಿಗೆ ಮಸುಕುಮಸುಕು...

ರೈಲಿನಲ್ಲಿ ಇದನ್ನೆಲ್ಲ ಇವನಿಗೆ ಹೇಳಿದೆ. ಅವನು ಕಿಟಕಿಯಾಚೆ ನೋಡುತ್ತ ಕೇಳಿಸಿಕೊಂಡ. ಹಟ್ಟಿ ಮುಟ್ಟಿದಾಗ ಇನ್ನೂ ಬಿಸಿಲಿತ್ತು. ಹುಡುಗರು ಆಡಿ ಬಿಟ್ಟಿದ್ದ ಚೆಂಡು ಇಳಿಜಾರಿನಲ್ಲಿ ಬಿದ್ದಿತ್ತು. ಏನನ್ನಿಸಿತೋ, "ಹೋಗಿ ನಿಲ್ಲು" ಎಂದೆ. ಅವನು ನಕ್ಕು, ಪತ್ರಿಕೆ ಕೆಳಗಿಟ್ಟು, ಎರಡು ಗೂಟಗಳ ನಡುವೆ ನಿಂತ. ಈ ಮುದಿಗಾಲಿನಲ್ಲಿ ಇದ್ದ ಶಕ್ತಿಯನ್ನೆಲ್ಲ ಸೇರಿಸಿ ಅವನ ಬಲಮೂಲೆಗೆ ಒದ್ದೆ. ಅವನು ಎಡಕ್ಕೆ ಹೋಗಿ ಬಿದ್ದ.

ರೈಲಿನಲ್ಲಿ ಕಥೆ ಕೇಳಿದ್ದವನು, ತಂದೆಯಂತೆ ಗೊತ್ತಿದ್ದೇ ಬಿದ್ದಿದ್ದ.

"ಎನಗ ಪಿಚ್ಚೆ ಬೇಡ. ಮತ್ತೆ ನಿಲ್ಲು" ಎಂದೆ.

ಅವನು ಮಣ್ಣು ಕೊಡವಿಕೊಂಡು ಎದ್ದು ನಿಂತ, ಈ ಸಲ ನಗಲಿಲ್ಲ. ಮತ್ತೆ ಅಲ್ಲಿಗೇ ಒದ್ದೆ. ಹಾರಿ, ಎರಡೂ ಕೈಯಲ್ಲಿ ಹಿಡಿದು, ಎದೆಗವಚಿಕೊಂಡು ಬಿದ್ದ. ಬಿದ್ದಲ್ಲಿಂದಲೇ ನನ್ನ ಮುಖ ನೋಡಿದ. ನಾನು ಹತ್ತಿರ ಹೋಗಿ ಕೈಹಿಡಿದು ಎಬ್ಬಿಸಿದೆ. ಅದೇ ಮೊರದಗಲ ಅಂಗೈ. ಹಾಗೇ ಮೂಗಿನ ಹತ್ತಿರ ತಂದು ನೋಡಿದೆ. ಬರಿಯ ಮಣ್ಣು, ಹುಲ್ಲು. ಎಣ್ಣೆಯ ವಾಸನೆ ಇರಲಿಲ್ಲ.