ಅವ್ವನ ಬಲಗೈಯ ದಾವೆ

ಅಪ್ಪನಿಗೆ ಓಝರಿನ ವಿಮಾನ ಕಾರ್ಖಾನೆಯಲ್ಲಿ ಫಿಟ್ಟರ್ ಕೆಲಸ ಸಿಕ್ಕಿದಾಗ ನಾವು ಗದಗದಿಂದ ಅಲ್ಲಿನ ಕ್ವಾರ್ಟರ್ಸಿಗೆ ಬಂದೆವು. ಅರವತ್ತರ ದಶಕ ಮುಗಿಯುವ ಹೊತ್ತಿಗೆ ನಾನು ನಾಸಿಕದ ಕಾಲೇಜಿಗೆ ಹೋಗುತ್ತಿದ್ದೆ. ಮರಾಠಿ ನನಗೆ ಕನ್ನಡದಷ್ಟೇ ಸಲೀಸಾಗಿತ್ತು. ಅವ್ವನಿಗೆ ಮಾತ್ರ ತರಕಾರಿಯವಳ ಹತ್ತಿರ ಚೌಕಾಸಿ ಮಾಡುವಷ್ಟು ಬರುತ್ತಿತ್ತು, ಅಷ್ಟೇ. ಅದಕ್ಕಿಂತ ಹೆಚ್ಚು ಅವಳಿಗೆ ಬೇಕಾಗಿಯೂ ಇರಲಿಲ್ಲ. ಕಾರ್ಖಾನೆಗೆ ನಮ್ಮ ಕಡೆಯಿಂದ ಬಂದಿದ್ದ ಮದುವೆಯಾಗದ ಹುಡುಗರೆಲ್ಲ ಎರಡು ಹೊತ್ತೂ ನಮ್ಮ ಮನೆಯಲ್ಲೇ ಉಣ್ಣುತ್ತಿದ್ದರು. ಅವ್ವ ಜೋಳದ ರೊಟ್ಟಿ ಬಡಿಯುವ ಸಪ್ಪಳಕ್ಕೇ ನನಗೆ ಎಚ್ಚರವಾಗುತ್ತಿತ್ತು. ಹುಡುಗರು ತಿಂಗಳಿಗೊಮ್ಮೆ ಕೊಡುತ್ತಿದ್ದ ದುಡ್ಡಿನಲ್ಲೇ ನನ್ನ ಓದು ನಡೆಯುತ್ತಿತ್ತು.

ಆ ಹುಡುಗರಲ್ಲೊಬ್ಬನ ಮದುವೆ ಔರಂಗಾಬಾದಿನಲ್ಲಿ ಗೊತ್ತಾಯಿತು. ಈಗ ಛತ್ರಪತಿ ಸಂಭಾಜಿನಗರ ಎನ್ನುವ ಊರು ಅದೇ. ಗಂಡಿನ ಕಡೆಯವರೆಂದು ನಾವೆಲ್ಲ ಬಾಡಿಗೆ ಬಸ್ಸಿನಲ್ಲಿ ಹೊರಟೆವು. ಅಪ್ಪನಿಗೆ ರಜೆ ಸಿಗಲಿಲ್ಲ. ಯೇವಲಾ ದಾಟಿ, ವೈಜಾಪುರ ದಾಟಿದ ಮೇಲೆ ಬಿಸಿಲು ಏರಿತು. ಅವ್ವ ಬಲಬದಿಯ ಕಿಟಕಿಯ ಹತ್ತಿರ, ಮೊಳಕೈಯನ್ನು ಅಂಚಿಗೆ ಊರಿ ಕುಳಿತು, ನನ್ನ ಕಡೆ ತಿರುಗಿ ಮದುಮಗಳ ಸೀರೆಯ ವಿಷಯ ಏನೋ ಹೇಳುತ್ತಿದ್ದಳು. ಎದುರಿಗೆ ಈರುಳ್ಳಿ ಹೇರಿಕೊಂಡ ಲಾರಿಯೊಂದು ಬಂತು. ತಗಡು ತಗಡಿಗೆ ಉಜ್ಜಿದ ಶಬ್ದ ಮಾತ್ರ ಕೇಳಿದ ನೆನಪು. ಅವ್ವ ಕೂಗಲಿಲ್ಲ. ಮೊದಲು ತನ್ನ ತೋಳು ನೋಡಿಕೊಂಡಳು, ಆಮೇಲೆ ನನ್ನ ಮುಖ ನೋಡಿದಳು.

ಎರಡೂ ಗಾಡಿ ನಿಂತವು. ಇಬ್ಬರು ಡ್ರೈವರುಗಳೂ ರಸ್ತೆಗಿಳಿದು, ಮಧ್ಯಕ್ಕೆ ಬಂದವನು ನೀನು, ನೀನು ಎಂದು ಒಬ್ಬರ ಕಾಲರು ಒಬ್ಬರು ಹಿಡಿದರು. ಅವ್ವನ ತಲೆ ನನ್ನ ತೊಡೆಯ ಮೇಲಿತ್ತು. ಯಾರೋ ಪಂಚೆ ಹರಿದು ಬಿಗಿಯಾಗಿ ಕಟ್ಟಿದರು. ಔರಂಗಾಬಾದಿನ ಆಸ್ಪತ್ರೆಯಲ್ಲಿ ಮೊಳಕೈಯ ಮೇಲಿನಿಂದಲೇ ಕೈ ಕತ್ತರಿಸಿ ತೆಗೆದರು. ಮದುವೆ ಅದೇ ಊರಿನಲ್ಲಿ ನಡೆಯಿತು, ನಾವು ನೋಡಲಿಲ್ಲ.

ದಾವೆ ಹಾಕಬೇಕೆಂದು ಹಟ ಹಿಡಿದವರು ಊಟಕ್ಕೆ ಬರುತ್ತಿದ್ದ ಹುಡುಗರೇ. ಅಪ್ಪನಿಗೆ ಮನಸ್ಸಿರಲಿಲ್ಲ.

"ಹೋದ ಕೈ ಕೋರ್ಟಿನವರು ತಂದು ಕೊಡ್ತಾರೇನು?" ಎಂದ.

"ಇವಳ ಓದಾದ್ರೂ ಮುಗೀಲಿ," ಎಂದು ಅವ್ವನೇ ಒಪ್ಪಿದಳು.

ಅಪಘಾತವಾದದ್ದು ಆ ಜಿಲ್ಲೆಯಲ್ಲಾದ್ದರಿಂದ ಅರ್ಜಿಯೂ ಔರಂಗಾಬಾದಿನಲ್ಲೇ ಆಯಿತು. ವಕೀಲರು ವಯಸ್ಸಾದವರು, ಒಳ್ಳೆಯವರು. ಲಾರಿಯ ಮಾಲೀಕ, ಬಸ್ಸಿನ ಮಾಲೀಕ, ಅವರವರ ವಿಮಾ ಕಂಪನಿಗಳು, ಹೀಗೆ ಎದುರು ಪಕ್ಷದಲ್ಲಿ ನಾಲ್ಕು ಜನ. ಒಬ್ಬ ಬಂದರೆ ಇನ್ನೊಬ್ಬ ಬರುತ್ತಿರಲಿಲ್ಲ. ಅಪ್ಪನಿಗೆ ಮತ್ತೆ ಮತ್ತೆ ರಜೆ ಸಿಗದೆ ಅವ್ವನನ್ನು ನಾನೇ ಕರೆದುಕೊಂಡು ಹೋಗುತ್ತಿದ್ದೆ. ಬಸ್ಸನ್ನು ಅವಳು ಹತ್ತಲೊಲ್ಲಳು. ಒಂದು ರೈಲಿನಿಂದ ಮನ್ಮಾಡಿನಲ್ಲಿ ಇಳಿದು ಮೀಟರ್ ಗೇಜಿನ ಇನ್ನೊಂದು ರೈಲಿಗೆ ಕಾಯುವಾಗ ಪ್ಲಾಟ್‌ಫಾರ್ಮಿನ ಬೆಂಚಿನ ಮೇಲೆ ಅವಳ ತಲೆ ಬಾಚಿ ತುರುಬು ಕಟ್ಟುತ್ತಿದ್ದೆ. ಅವಳು ಸೆರಗನ್ನು ಬಲಭುಜದ ಮೇಲೆ ಎಳೆದುಕೊಂಡು ಕುಳಿತಿರುತ್ತಿದ್ದಳು. ಕೋರ್ಟಿಗೆ ಹೋದರೆ ಮುಂದಿನ ತಾರೀಖು. ಹಿಂದಕ್ಕೆ ಬರುತ್ತಿದ್ದೆವು.

ಕಡೆಗೂ ಅವಳ ಸಾಕ್ಷಿಯ ದಿನ ಬಂತು. ಅವಳ ಮಾತನ್ನು ನಾನೇ ಮರಾಠಿಗೆ ತಿರುಗಿಸಿ ಹೇಳಲಿ ಎಂದು ನಮ್ಮ ವಕೀಲರು ಕೇಳಿಕೊಂಡರು. ವಿಮಾ ಕಂಪನಿಯ ವಕೀಲ ಎದ್ದು, ಮಗಳೇ ತಾಯಿಯ ಮಾತು ಹೇಳುವುದು ಸರಿಯಲ್ಲ ಎಂದ. ನ್ಯಾಯಾಧೀಶರು ಹೌದೆಂದು ತಲೆಯಾಡಿಸಿ, ಕನ್ನಡ ಬಲ್ಲ, ಬೀದರದ ಕಡೆಯ ಒಬ್ಬ ಗುಮಾಸ್ತರನ್ನು ಕರೆಸಿದರು. ನನ್ನನ್ನು ಹಿಂದಿನ ಬೆಂಚಿಗೆ ಕಳಿಸಿದರು. ನಡುವೆ ಬಾಯಿ ಹಾಕಬಾರದೆಂದು ಹೇಳಿಯೇ ಕಳಿಸಿದರು.

ಅವ್ವ ಎಡಗೈಯಲ್ಲಿ ಕಟಕಟೆಯ ಕಂಬಿ ಹಿಡಿದು ನಿಂತಳು.

"ಬಾಯಾರ, ಕೈ ಎಲ್ಲಿ ಇಟ್ಟಿದ್ರಿ?" ವಿಮಾ ಕಂಪನಿಯ ವಕೀಲನ ಪ್ರಶ್ನೆಯನ್ನು ಗುಮಾಸ್ತರು ಕನ್ನಡದಲ್ಲಿ ಮೆತ್ತಗೆ ಕೇಳಿದರು.

"ಕಿಡಕಿ ಮ್ಯಾಲೆ ಊರಿದ್ದೆರಿ."

"ಒಳಗಿತ್ತೋ, ಹೊರಗಿತ್ತೋ?"

ಅವ್ವ ಯೋಚಿಸಿದಳು. ಯೋಚಿಸಿ, ಇದ್ದದ್ದು ಇದ್ದಂತೆ ಹೇಳಿದಳು. "ಒಂದೀಟು ಹೊರಗ ಇದ್ದಿರಬೇಕ್ರಿ. ಸೆಕೆ ಭಾಳ ಇತ್ತು."

ಗುಮಾಸ್ತರು ಅದನ್ನು ಮರಾಠಿಗೆ ತಿರುಗಿಸಿದರು. ಟೈಪಿನ ಮಿಷನ್ನು ಕಟಕಟ ಎಂದಿತು.

"ನೀವು ಕೆಲಸ ಏನು ಮಾಡ್ತೀರಿ?"

"ನಾ ಏನ್ ಮಾಡ್ತೀನ್ರಿ? ಏನೂ ಮಾಡೂದಿಲ್ಲ. ಮನ್ಯಾಗ ಇರ್ತೀನಿ."

ನಮ್ಮ ಕಡೆಯ ಯಾವ ಹೆಂಗಸನ್ನು ಕೇಳಿದರೂ ಇದೇ ಉತ್ತರ. ದೊಡ್ಡವರ ಮುಂದೆ ತನ್ನದನ್ನು ತಾನೇ ಹೇಳಿಕೊಳ್ಳುವುದು ಚಂದವಲ್ಲವೆಂದು ಬೆಳೆದವಳು ಅವಳು. ಆದರೆ "ಕಾಹೀ ಕರತ್ ನಾಹೀ, ಘರೀಚ್ ಅಸತಾತ್" ಎಂದು ಗುಮಾಸ್ತರ ಬಾಯಿಂದ ಬಂದಾಗ ಅದು ಬೇರೆಯೇ ಮಾತಾಗಿತ್ತು. ಅವರು ತಪ್ಪಾಗಿ ತಿರುಗಿಸಿರಲಿಲ್ಲ. ಎರಡೂ ಭಾಷೆ ಬಲ್ಲ ನಾನು ಸೀರೆಯ ಅಂಚು ಕಚ್ಚಿಕೊಂಡು ಕುಳಿತಿದ್ದೆ.

ನಮ್ಮ ವಕೀಲರು ಎದ್ದರು. ಊಟದ ಹುಡುಗರ ವಿಷಯ ಅವರಿಗೆ ನಾನೇ ಹೇಳಿದ್ದೆ. "ಕಾರ್ಖಾನೆಯ ಹುಡುಗರಿಗೆ ಅಡುಗೆ ಮಾಡಿಹಾಕಿ ಹಣ ತೆಗೆದುಕೊಳ್ಳುತ್ತಿದ್ದಿರಲ್ಲವೆ?" ಎಂದು ಕೇಳಿಸಿದರು.

ಅವ್ವನ ಮುಖ ಕೆಂಪಾಯಿತು. ಅಷ್ಟು ಜನರ ಎದುರು ಯಾರೋ ಬೈದಂತೆ ಆಗಿರಬೇಕು. "ಅನ್ನ ಮಾರ್ತೀನೇನ್ರಿ ನಾನು?" ಎಂದಳು. "ಅವು ನಮ್ಮ ಹುಡುಗರು. ಸಾಮಾನಿಗಂತ ಒಂದೀಟು ಕೊಡ್ತಿದ್ರು, ನಾ ಬ್ಯಾಡಂದ್ರೂ ಕೇಳ್ತಿರ್ಲಿಲ್ಲ."

ವಕೀಲರು ಕುಳಿತುಬಿಟ್ಟರು. ಇನ್ನೊಂದು ಸಲ ಕೇಳಿ ಎಂದು ನಾನು ಕಣ್ಣಿನಲ್ಲೇ ಬೇಡಿಕೊಂಡೆ. ಅವರು ಕಾಗದ ಜೋಡಿಸುತ್ತಿದ್ದರು, ನನ್ನ ಕಡೆ ನೋಡಲಿಲ್ಲ. ಹೊರಗೆ ಬಂದ ಮೇಲೆ ಅವ್ವ, "ಬರೋಬ್ಬರಿ ಹೇಳಿದ್ನೋ ಇಲ್ಲೋ?" ಎಂದು ಕೇಳಿದಳು. ಹೇಳಿದಿ ಎಂದೆ. ಇನ್ನೇನು ಹೇಳಲಿ?

ತೀರ್ಪು ಬರುವ ಹೊತ್ತಿಗೆ ನನ್ನ ಓದು ನಿಂತು ವರ್ಷವಾಗಿತ್ತು. ಮನೆಯ ಅಡುಗೆ ನನ್ನ ಪಾಲಿಗೆ ಬಂದಿತ್ತು. ಹುಡುಗರು ಮೆಸ್ಸಿಗೆ ಸೇರಿದ್ದರು. ಹಬ್ಬಕ್ಕೆ ಕರೆದರೆ ಬಂದು, ಅವ್ವನ ಭುಜದ ಕಡೆ ನೋಡದೆ ಉಂಡು ಹೋಗುತ್ತಿದ್ದರು. ಕೋರ್ಟಿನ ವರಾಂಡದಲ್ಲಿ ವಕೀಲರು ನನಗೆ ನಿಧಾನವಾಗಿ ವಿವರಿಸಿದರು. ಇಬ್ಬರು ಡ್ರೈವರುಗಳದ್ದೂ ತಪ್ಪಿದೆ. ಆದರೆ ಮೊಳಕೈ ಹೊರಗಿಟ್ಟದ್ದರಿಂದ ಆಕೆಯದ್ದೂ ಒಂದು ಪಾಲಿದೆ, ಪರಿಹಾರದಲ್ಲಿ ಅಷ್ಟು ಕಡಿತ. ದುಡಿಮೆಯಿಲ್ಲದ ಗೃಹಿಣಿಯಾದ್ದರಿಂದ ಗಳಿಕೆ ನಷ್ಟವಾಯಿತೆಂದು ಏನೂ ಇಲ್ಲ. ನೋವಿಗೆ, ಆಸ್ಪತ್ರೆಗೆ ಎಂದು ಸ್ವಲ್ಪ. ಬೇಕಾದರೆ ಮುಂಬಯಿಯ ಹೈಕೋರ್ಟಿಗೆ ಹೋಗಬಹುದು ಎಂದರು. ಹೋಗುವ ಶಕ್ತಿ ನಮಗಿಲ್ಲವೆಂದು ಅವರಿಗೂ ಗೊತ್ತಿತ್ತು.

ಅವ್ವನಿಗೆ ಕನ್ನಡದಲ್ಲಿ ತಿಳಿಸಿದೆ. ಅವಳು ಉಳಿದದ್ದನ್ನೆಲ್ಲ ಬಿಟ್ಟು ಒಂದೇ ಹಿಡಿದಳು.

"ಹಂಗಾರ ನಂದೂ ತಪ್ಪೈತೇನು?"

"ಕೋರ್ಟಿನವರು ಹಂಗ ಬರೀತಾರವ್ವಾ. ನಿಂದೇನಿಲ್ಲ."

"ಅಷ್ಟು ಓದಿದವರು ಸುಳ್ಳು ಬರೀತಾರ?"

ಬಂದ ಹಣದಲ್ಲಿ ಪುಣೆಗೆ ಹೋಗಿ ಒಂದು ಕೃತಕ ಕೈ ಮಾಡಿಸಿದೆವು. ಭಾರವೆಂದು ಅವಳು ಅದನ್ನು ಹಾಕಿಕೊಳ್ಳಲಿಲ್ಲ. ಉಳಿದದ್ದನ್ನು ಅಪ್ಪ ಪೋಸ್ಟಾಫೀಸಿನಲ್ಲಿಟ್ಟ. ಮುಂದೆ ನನ್ನ ಮದುವೆಗೆ ಅದೇ ಖರ್ಚಾಯಿತು.

ಹೊಸಬರು ಯಾರಾದರೂ ಮನೆಗೆ ಬಂದು, ಕೈಗೆ ಏನಾಯಿತೆಂದು ಕೇಳಿದರೆ ಅವಳು ಲಾರಿಯ ಹೆಸರೆತ್ತುತ್ತಿರಲಿಲ್ಲ. "ನಂದ ತಪ್ಪರಿ, ಕೈ ಹೊರಗ ಹಾಕಿದ್ದೆ," ಎನ್ನುತ್ತಿದ್ದಳು. ಲಾರಿ ಅಡ್ಡ ಬಂದಿತ್ತು, ನಾನು ಪಕ್ಕದಲ್ಲೇ ಇದ್ದೆ ಎಂದು ನಾನು ಪ್ರತಿ ಸಲವೂ ಹೇಳುತ್ತಿದ್ದೆ. ಬಂದವರು ನನ್ನ ಮಾತಿಗೂ ತಲೆಯಾಡಿಸಿ, ಅವಳ ಮಾತಿಗೂ ತಲೆಯಾಡಿಸಿ ಚಹಾ ಕುಡಿಯುತ್ತಿದ್ದರು.