ಐದೂವರೆ ತಾಸಿನ ಜಾಮೀನು

ಗಡಿಯಾರದಿಂದಲೂ ಸಾಕ್ಷಿ ಕೇಳುವವರೆಂದರೆ ನಾನು ಕಂಡಂತೆ ಶೇಷಾಚಾರ್ಯರೊಬ್ಬರೇ. ಹೊಸಪೇಟೆಯಲ್ಲಿ ಬೇಕರಿಯ ಮೇಲಿನ ಮಹಡಿಯ ನಮ್ಮ ಸಾಫ್ಟ್‌ವೇರ್ ಕಚೇರಿಯಲ್ಲಿ ನಾನು ಪ್ರೋಗ್ರಾಂ ಬರೆಯುತ್ತಿದ್ದೆ, ಅವರು ಪರೀಕ್ಷಿಸುತ್ತಿದ್ದರು. ಕಂಪ್ಯೂಟರಿಗೆ ತಿಥಿ ವಾರಗಳ ಹಂಗಿಲ್ಲ. ೧೯೭೦ನೇ ಇಸವಿ ಹುಟ್ಟಿದಾಗಿನಿಂದ ಗ್ರೀನ್‌ವಿಚ್ ಲೆಕ್ಕದಲ್ಲಿ ಎಷ್ಟು ಸೆಕೆಂಡು ಕಳೆದವು ಎಂಬ ಒಂದೇ ಸಂಖ್ಯೆ ಅದರ ಪಂಚಾಂಗ. ಅದಕ್ಕಿಂತ ಐದೂವರೆ ತಾಸು ಮುಂದಿರುವ ನಮ್ಮ ಗಂಟೆ ಸರಿಯಾಗಿ ಆ ಸಂಖ್ಯೆಯಾಯಿತೇ ಎಂದು ನೋಡಲು ಆಚಾರ್ಯರು ಹೊರಗೆ ಮೆಟ್ಟಿಲ ಮೇಲೆ ಕುಳಿತು ಪೆನ್ಸಿಲ್ಲಿನಲ್ಲಿ ಗುಣಿಸುತ್ತಿದ್ದರು. ಪಂಚಾಂಗದ ಗಣಿತವನ್ನು ಇಬ್ಬರು ಬೇರೆ ಬೇರೆ ಕೋಣೆಯಲ್ಲಿ ಮಾಡಿ, ಆಮೇಲೆ ತಾಳೆ ನೋಡುವುದು ಅವರ ಮನೆತನದ ಪದ್ಧತಿ.

“ಪ್ರೋಗ್ರಾಮಿನ ಉತ್ತರಾನ ನಕಲು ಹೊಡದು ಪರೀಕ್ಷಾ ಅಂದ್ರ, ಕಳ್ಳನ ಪಂಚಾಯ್ತಿಗೆ ಕಳ್ಳನ್ನ ಕುಂದ್ರಿಸಿದಂಗ ನೋಡಪಾ,” ಎನ್ನುತ್ತಿದ್ದರು.

ಸಂಡೂರಿನ ಕಡೆಯ ಒಂದು ಸಣ್ಣ ಕಾರ್ಖಾನೆಗೆ ಗೇಟಿನ ಪ್ರೋಗ್ರಾಂ ಮಾಡಿದೆವು. ಪಾಳಿ ಮುಗಿದಾಗ ಕಾರ್ಡು ತೋರಿಸಿದರೆ ಗೇಟು ತೆರೆಯಬೇಕು. ಅವಸರದಲ್ಲಿದ್ದ ನಾನು, ಪ್ರೋಗ್ರಾಂ ಕೊಟ್ಟ ಸಂಖ್ಯೆಯನ್ನೇ ಸರಿಯುತ್ತರವೆಂದು ನಮೂದಿಸಿ, “ಕೈಲೆಕ್ಕ ಮಾಡೀನ್ರಿ ಆಚಾರ್ರ,” ಎಂದೆ. ಅವರು ಪರೀಕ್ಷಿಸದೆ ನಂಬಿದ್ದು ಅದೊಂದೇ ಸಲ.

ಮೊದಲ ದಿನ ನೋಡಲು ಇಬ್ಬರೂ ಹೋಗಿದ್ದೆವು. ಮಧ್ಯಾಹ್ನ ಎರಡಕ್ಕೆ ಪಾಳಿ ಮುಗಿಯಿತು, ಗೇಟು ತೆರೆಯಲಿಲ್ಲ. ಕೆಂಪು ದೀಪದ ಕೆಳಗೆ ‘ಬಿಡುಗಡೆ ೭:೩೦’ ಎಂದು ಬಂತು.

“ಐದೂವರಿ ತಾಸು,” ಎಂದರು ಆಚಾರ್ಯರು. “ಗ್ರೀನ್‌ವಿಚ್ಚಿನಾಗ ಎರಡು ಹೊಡದ ಮ್ಯಾಲೆ ನಮ್ಮನ್ನ ಬಿಡ್ತದ.” ಆಮೇಲೆ ನನ್ನ ಮುಖ ನೋಡಿದರು.

ಸಾಲಿನಲ್ಲಿದ್ದ ಯಂಕಮ್ಮನೆಂಬ ಕಾರ್ಮಿಕಳು ಗೇಟು ಅಲ್ಲಾಡಿಸಿದಳು. “ಹಾಲು ಕುಡಿಯೋ ಕೂಸು ಬಿಟ್ಟು ಬಂದೀನ್ರಿ ಯಪ್ಪಾ. ಅದಕ್ಕ ನಿಮ್ಮ ಮಷೀನಿನ ಗಂಟಿ ತಿಳೀತದೇನ್ರಿ?”

“ಕೆಂಪು ಇದ್ದಾಗ ಬಿಟ್ರ ನನ್ನ ಕೆಲಸ ಹೋಗ್ತದವ್ವಾ,” ಎಂದ ಕಾವಲುಗಾರ.

ಆಚಾರ್ಯರು ಕಾಗದ ಕೇಳಿದರು. “ಈ ತಪ್ಪು, ಪರೀಕ್ಷಾ ಮಾಡಿದವಂದು, ಅಂದ್ರ ನಂದು. ಬರದು ಕೊಡ್ತೀನಿ. ಹಸರು ಬರೋತನಕ ನಾ ಒಳಗ ಕುಂದ್ರತೀನಿ. ಇವ್ರನ್ನ ಬಿಡ್ರಿ.”

ಕಾವಲುಗಾರ ಬೀಗ ತೆಗೆದ. ಎಲ್ಲರೂ ಹೊರಬಿದ್ದರು. “ನೀನೂ ನಡೀಲೇ. ಇವತ್ತಿನ ಕಾರ್ಡಿನಾಗ ಬಿಡೋ ಗಂಟಿ ತಪ್ಪು ಬರದಾಗೇದ, ನಾಳಿಂದರ ತಿದ್ದು,” ಎಂದರು. ನಾನು, ನಾಚಿಕೆಯಿಲ್ಲದೆ, ನಡೆದೆ.

ಏಳೂವರೆಗೆ ಕರೆತರಲು ಹೋದಾಗ ಅವರ ಮೊದಲ ಪ್ರಶ್ನೆ: “ಆ ಕೂಸಿಗೆ ಹಾಲು ಸಿಕ್ತೇನು?”

“ಸಿಕ್ಕಿರಬೇಕ್ರಿ.”

“ಸಿಕ್ಕಿರಬೇಕು ಅಂದ್ರ? ನೋಡಿ ಬಂದ್ಯಾ?”

ಮರುದಿನ ಯಂಕಮ್ಮನ ಊರಾದ ಯಶವಂತನಗರಕ್ಕೆ ಹೋಗಿ, ಅವಳ ಮನೆ ಹುಡುಕಿ ಕೇಳಿದೆ. ಸಿಕ್ಕಿತ್ತು. ವರದಿ ಒಪ್ಪಿಸಲು ಕಚೇರಿಗೆ ಬಂದರೆ ಆಚಾರ್ಯರಿರಲಿಲ್ಲ. ಅವರು ಬರೆದುಕೊಟ್ಟ ಕಾಗದವನ್ನು ಓದಿದ ನಮ್ಮ ಮಾಲೀಕರು ಬೆಳಿಗ್ಗೆಯೇ ಅವರನ್ನು ಕೆಲಸದಿಂದ ತೆಗೆದು ಮನೆಗೆ ಕಳಿಸಿದ್ದರು. ಆ ಕಾಗದ ಸುಳ್ಳೆಂದು ಹೇಳಬಲ್ಲವನು ನಾನೊಬ್ಬನೇ. ಹೇಳಲಿಲ್ಲ. ಇಂದಿಗೂ ಅದೇ ಕಚೇರಿಗೆ ಹೋಗುತ್ತೇನೆ. ಸಂಜೆ ಆರಕ್ಕೆ ನನ್ನನ್ನು ಬಿಡುತ್ತಾರೆ.