ಅಪ್ಪನ ಎಡಗೈ, ಮೂರು ಗಂಟೆಯ ಲೈವ್

ನಾನು ಲೈವ್ ಶುರು ಮಾಡಿದ ಹೊಸದರಲ್ಲಿ ನೋಡುತ್ತಿದ್ದವರು ಏಳೇ ಜನ. ಅವರಲ್ಲಿ ಒಬ್ಬರು ನನ್ನ ಗಂಡ. ಕಾಲೇಜಿನ ಸ್ಟಾಫ್ ರೂಮಿನಲ್ಲಿ ಕೂತು ದನಿ ಬಂದ್ ಮಾಡಿಕೊಂಡು ನೋಡುತ್ತಿದ್ದರು. ಇನ್ನೊಬ್ಬಳು ಆನಗೋಡಿನ ನಾದಿನಿ. ಅವಳು ನನ್ನ ಲೈವ್ ಹಚ್ಚಿಟ್ಟು ಎಮ್ಮೆಗೆ ಮೇವು ಹಾಕಲು ಹೋಗಿಬಿಡುತ್ತಿದ್ದಳು. ಉಳಿದ ಐವರು ಯಾರೆಂದು ನನಗೆ ಇವತ್ತಿಗೂ ತಿಳಿಯದು. ಆದರೂ ಊಟದ ಪಾತ್ರೆ ತೊಳೆದು ಹೆಂಗಸರು ಸ್ವಲ್ಪ ಕಾಲು ಚಾಚಿ ಕೂಡುವ ಹೊತ್ತಿಗೆ, ಮಧ್ಯಾಹ್ನ ಮೂರಕ್ಕೆ ಸರಿಯಾಗಿ, ಫೋನನ್ನು ಸ್ಟ್ಯಾಂಡಿಗೆ ಸಿಕ್ಕಿಸಿ "ನಮಸ್ಕಾರ್ರಿ ಎಲ್ಲರಿಗೂ" ಅನ್ನುತ್ತಿದ್ದೆ.

ದಾವಣಗೆರೆಯ ವಿದ್ಯಾನಗರದ ನಮ್ಮ ಮನೆಯ ಮುಂದಿನ ಕೋಣೆಯೇ ನನ್ನ ಅಂಗಡಿ. ಹಾಸ್ಟೆಲ್ಲಿನ ಹುಡುಗಿಯರು, ಕಾಲೇಜಿನ ಮೇಡಂಗಳು ಬ್ಲೌಸ್ ಹೊಲಿಸುತ್ತಿದ್ದರು. ಎಲ್ಲರೂ ಫೋನಿನಲ್ಲೇ ರೆಡಿಮೇಡ್ ಬ್ಲೌಸ್ ತರಿಸಿಕೊಳ್ಳಲು ಶುರು ಮಾಡಿದ ಮೇಲೆ ನನ್ನ ಮಿಷಿನ್ ಎಷ್ಟೋ ದಿನ ಮುಸುಕು ತೆಗೆಯದೆ ಹಾಗೇ ಇರುತ್ತಿತ್ತು. ಹಾಗಾದರೆ ನಾನೂ ಫೋನಿಗೇ ಹೋಗುತ್ತೇನೆ ಅಂದುಕೊಂಡೆ. ಕಟಿಂಗ್ ಕಲಿಸಿದರೆ ನಾಲ್ಕು ಜನ ಗುರುತು ಹಿಡಿದಾರು, ಕ್ಲಾಸಿಗೆ ಸೇರಿಯಾರು, ಹೊಲಿಗೆಯನ್ನೂ ತಂದಾರು ಎಂಬ ಆಸೆ. ಎಂಟು ತಿಂಗಳಾದರೂ ನೋಡುವವರು ಏಳರಿಂದ ಮೂವತ್ತಕ್ಕೆ ಏರಿದ್ದರು, ಅಷ್ಟೆ.

ನನಗೆ ಹೊಲಿಗೆ ಕಲಿಸಿದ್ದು ಅಪ್ಪ. ಹರಿಹರದಲ್ಲಿ ಅವರದ್ದು ಚಿಕ್ಕ ಅಂಗಡಿ, ಗಂಡಸರ ಬಟ್ಟೆ ಮಾತ್ರ. ಕಾರ್ಖಾನೆಯವರ ಖಾಕಿ ಪ್ಯಾಂಟು ಶರ್ಟು, ಸುತ್ತಲಿನ ಹಳ್ಳಿಯವರ ಜುಬ್ಬಾ ಪೈಜಾಮ. ಅಪ್ಪ ಅಳತೆ ತೆಗೆದು ಗಟ್ಟಿಯಾಗಿ ಹೇಳುವುದು, ಅವ್ವ ಮೂಲೆಯ ಸ್ಟೂಲಿನ ಮೇಲೆ ಕೂತು ಪುಸ್ತಕದಲ್ಲಿ ಬರೆದುಕೊಳ್ಳುವುದು. ನಾನು ಹುಟ್ಟುವ ಮೊದಲಿನಿಂದಲೂ ಅದು ಹಾಗೇ ನಡೆದಿತ್ತು. ಒಂದು ದಿನ ಯಾರದೋ ಕತ್ತಿನ ಸುತ್ತ ಟೇಪು ಹಿಡಿದ ಅಪ್ಪ "ಹದಿನೈದೂವರೆ" ಅಂದರಂತೆ. ಆಮೇಲೆ "ಹಂಗಲ್ಲ" ಅಂದರು. ಮತ್ತೆ ಏನೋ ಹೇಳಲು ಹೋಗಿ "ಹಂಗಲ್ಲ, ಹಂಗಲ್ಲ" ಅಂದರು. ಅವ್ವ ಪುಸ್ತಕದಿಂದ ತಲೆ ಎತ್ತಿ ನೋಡುವಷ್ಟರಲ್ಲಿ ಬಲಗೈಯಿಂದ ಟೇಪು ಜಾರಿ ಬಿದ್ದಿತ್ತು.

ಲಕ್ವ ಹೊಡೆದಿತ್ತು. ದಾವಣಗೆರೆಗೆ ಬೇಗ ಕರಕೊಂಡು ಬಂದಿದ್ದರಿಂದ ಜೀವ ಉಳಿಯಿತು. ಬಲಗಾಲು ತಿಂಗಳೊಪ್ಪತ್ತಿನಲ್ಲಿ ಎಳೆದುಕೊಂಡು ನಡೆಯುವಷ್ಟಾಯಿತು. ಬಲಗೈ ಮೇಲೇಳಲಿಲ್ಲ. ಮಾತು ಹೋಯಿತು. "ನೀವು ಹೇಳಿದ್ದೆಲ್ಲ ಅವರಿಗೆ ತಿಳಿತೈತೆ. ಹೇಳೋಕೆ ಮಾತು ಸಿಗ್ತಿಲ್ಲ ಅಷ್ಟೆ" ಅಂದರು ಡಾಕ್ಟರು. ಉಳಿದಿದ್ದು ಒಂದೇ ಒಂದು ಮಾತು, "ಹಂಗಲ್ಲ". ನೀರು ಬೇಕಾದರೂ ಹಂಗಲ್ಲ, ಸಾಕಾದರೂ ಹಂಗಲ್ಲ. ಅವ್ವ ಆ ಒಂದೇ ಮಾತಿನ ಏರಿಳಿತ ನೋಡಿ ಯಾವುದು ನೀರು, ಯಾವುದು ಸಾಕು ಅಂತ ಬೇರ್ಪಡಿಸುವುದನ್ನು ನಾಲ್ಕೇ ದಿನದಲ್ಲಿ ಕಲಿತಳು. ವ್ಯಾಯಾಮ ಮಾಡಿಸುವವರು ನಮ್ಮ ಮನೆಗೆ ಹತ್ತಿರವಿದ್ದರು. ಹಾಗಾಗಿ ಇಬ್ಬರನ್ನೂ ವಿದ್ಯಾನಗರಕ್ಕೇ ಕರೆತಂದೆವು. ಹರಿಹರದ ಅಂಗಡಿಯ ಶಟರ್ ಕೆಳಗಿಳಿಯಿತು.

ಆ ದಿನಗಳಲ್ಲಿ ಲೈವ್ ನಿಲ್ಲಿಸಿದ್ದೆ. "ಅವರ ಮುಂದೆ ಕೂತು ಅಳಬ್ಯಾಡ, ಕೆಲಸ ಮಾಡು. ಕೆಲಸ ನೋಡಿದ್ರ ಅವರಿಗೂ ಹಗುರ ಅನಸ್ತೈತೆ" ಅಂತ ಅವ್ವನೇ ಬೈದ ಮೇಲೆ ಮತ್ತೆ ಶುರು ಮಾಡಿದೆ. ಅಪ್ಪ ನನ್ನ ಹಿಂದೆ ಕಿಟಕಿ ಪಕ್ಕದ ಕುರ್ಚಿಯಲ್ಲಿ ಕೂರುತ್ತಿದ್ದರು. ಒಂದು ಮಧ್ಯಾಹ್ನ ಬ್ಲೌಸಿನ ಕಂಕುಳ ಭಾಗ ಕತ್ತರಿಸುತ್ತ ವಿವರಿಸುತ್ತಿದ್ದೆ. ಹಿಂದಿನಿಂದ ದನಿ ಬಂತು. "ಹಂಗಲ್ಲ."

ನೀರೇನೋ ಅಂತ ತಿರುಗಿದೆ. ಅಪ್ಪ ಎದ್ದು ನಿಂತಿದ್ದರು. ಕಾಲು ಎಳೆಯುತ್ತ ಮೇಜಿಗೆ ಬಂದು ನನ್ನ ಕೈಯಿಂದ ಕತ್ತರಿ ತೆಗೆದುಕೊಂಡರು. ನಾನು ಗುರುತು ಹಾಕಿದ ಗೆರೆಯನ್ನು ಬಿಟ್ಟು, ಅರ್ಧ ಬೆರಳಿನಷ್ಟು ಹೊರಗೆ, ಒಂದೇ ಓಟದಲ್ಲಿ ಕತ್ತರಿಸಿದರು. ಬಟ್ಟೆ ಹಿಡಿದುಕೊಳ್ಳಲು ಬಲಗೈ ಇಲ್ಲ. ನಾನೇ ನನ್ನ ಬಲಗೈಯಲ್ಲಿ ಬಟ್ಟೆ ಒತ್ತಿ ಹಿಡಿದೆ. ಈ ಕಡೆ ಅವರ ಎಡಗೈ, ಆ ಕಡೆ ನನ್ನ ಬಲಗೈ. ತೋಳು ಎತ್ತಿದಾಗ ಬ್ಲೌಸ್ ಮೇಲೇರಬಾರದು ಅಂದರೆ ಅಲ್ಲಿ ಹೀಗೇ ಬಿಡಬೇಕಿತ್ತು. ಇಪ್ಪತ್ತು ವರ್ಷದಿಂದ ನಾನು ಮಾಡುತ್ತಿದ್ದ ತಪ್ಪು ಅದು. ಅಪ್ಪ ಹುಟ್ಟಾ ಎಡಗೈಯವರು. ಅದು ನಮಗೆ ಎಷ್ಟು ರೂಢಿಯಾಗಿತ್ತೆಂದರೆ ನಾವು ಗಮನಿಸುವುದನ್ನೇ ಬಿಟ್ಟಿದ್ದೆವು. ನೋಡುತ್ತಿದ್ದವರು ಗಮನಿಸಿದರು.

"ಅಜ್ಜಾರು ಎಡಗೈಲೆ ಕಟ್ ಮಾಡ್ತಾರಾ?" ಅಂತ ಒಬ್ಬರು ಬರೆದರು. "ಅಕ್ಕ, ಕ್ಯಾಮರಾ ಹತ್ರ ತಗಳ್ರಿ, ಹೆಬ್ಬೆಟ್ಟು ಹೆಂಗೆ ಇಟ್ಟಾರೆ ನೋಡಬೇಕು" ಅಂತ ಇನ್ನೊಬ್ಬರು. "ನಾನೂ ಎಡಚಿ. ಕತ್ತರಿ ಹಿಡಿದ್ರ ಬಟ್ಟೆ ಮಡಚಿಕೊಂತೈತೆ. ಟೇಲರಿಂಗ್ ಕ್ಲಾಸ್ ಬಿಟ್ಟೆ" ಅಂತ ಮತ್ತೊಬ್ಬರು.

ಅಂಗಡಿಯಲ್ಲಿ ಸಿಗುವ ಕತ್ತರಿಗಳೆಲ್ಲ ಬಲಗೈಯವರಿಗೆ ಅಂತಲೇ ಮಾಡಿದವು. ಎಡಗೈಯಲ್ಲಿ ಹಿಡಿದರೆ ಎರಡು ಅಲಗುಗಳ ನಡುವೆ ಸಂದು ಬಿದ್ದು ಬಟ್ಟೆ ಒಳಗೆ ಸಿಕ್ಕಿಕೊಳ್ಳುತ್ತದೆ. ಅಪ್ಪ ಅದಕ್ಕೆ ತಮ್ಮದೇ ಉಪಾಯ ಕಂಡುಕೊಂಡಿದ್ದರು. ಹೆಬ್ಬೆರಳನ್ನು ಅಂಗೈ ಕಡೆಗೆ ಎಳೆದುಕೊಳ್ಳುತ್ತ, ಉಳಿದ ಬೆರಳುಗಳನ್ನು ಹೊರಕ್ಕೆ ಒತ್ತುವುದು. ಫೋನನ್ನು ಅವರ ಕೈಯ ಹತ್ತಿರ ಹಿಡಿದೆ. ಅವರು ಚಿಂದಿ ಬಟ್ಟೆಯೊಂದನ್ನು ಎಳೆದುಕೊಂಡು ನಿಧಾನವಾಗಿ ಕತ್ತರಿಸಿ ತೋರಿಸಿದರು, ಮತ್ತೆ ತೋರಿಸಿದರು. ಮಾತೆಲ್ಲ ನಾನು ಆಡಿದೆ. ಅಪ್ಪನ ಹಣೆಯಲ್ಲಿ ಬೆವರು, ಮುಖದಲ್ಲಿ ಅಂಗಡಿಯ ಹಬ್ಬದ ಸೀಸನ್ನಿನ ಕಳೆ. ಬಾಗಿಲಲ್ಲಿ ನಿಂತಿದ್ದ ಅವ್ವ ಸೆರಗನ್ನು ಬಾಯಿಗೆ ಒತ್ತಿಕೊಂಡು ಒಳಗೆ ಹೋದಳು.

ಅಂದಿನಿಂದ ವಾರಕ್ಕೆ ಎರಡು ದಿನ ಅಪ್ಪನ ಲೈವ್. ಎಡಗೈಯವರು ಒಬ್ಬರಿಗೊಬ್ಬರು ಹೇಳಿ ಕರೆತಂದರು. ನೋಡುವವರು ನೂರು ದಾಟಿದರು, ಆಮೇಲೆ ಸಾವಿರ. ಬಲಗೈಯವರೂ ಸೇರಿ ನನ್ನ ಕ್ಲಾಸಿಗೆ ಹೆಸರು ಬರೆಸಿದರು.

ಆಗಲೇ ನನ್ನ ತಲೆ ಕೆಟ್ಟಿದ್ದು. ಚಾನೆಲ್ ಬೆಳೆಸಿಕೊಡುತ್ತೇನೆ ಅನ್ನುವ ಒಬ್ಬರ ಪರಿಚಯವಾಯಿತು. ಒಳ್ಳೆಯ ಮನುಷ್ಯರೇ. "ಮೇಡಂ, ನಿಮ್ಮ ಹತ್ರ ಕಥೆ ಐತೆ, ನೀವು ಹೇಳ್ತಾ ಇಲ್ಲ. ಜನಕ್ಕೆ ಕಟಿಂಗ್ ಅಲ್ಲ, ಕಣ್ಣೀರು ಬೇಕು" ಅಂದರು. ಅಪ್ಪ ಕಾಲೆಳೆದು ನಡೆಯುವುದು, ತುತ್ತು ಬಾಯಿಂದ ಜಾರುವುದು, ಅವ್ವ ಒರೆಸುವುದು, ಇವನ್ನೆಲ್ಲ ನಾನೇ ಸದ್ದಿಲ್ಲದೆ ಫೋನಿನಲ್ಲಿ ತೆಗೆದುಕೊಟ್ಟೆ. ಅವರು ಕೊಳಲಿನ ಸಂಗೀತ ಹಾಕಿ, "ಮಾತು ಕಳಕೊಂಡ ಟೇಲರ್" ಅಂತ ದಪ್ಪ ಅಕ್ಷರದಲ್ಲಿ ಬರೆದು ನನ್ನ ಚಾನೆಲ್ಲಿಗೆ ಹಾಕಿದರು. ಎರಡೇ ದಿನದಲ್ಲಿ ಊರೆಲ್ಲ ಓಡಾಡಿತು ಅದು. ನನಗೆ ಹಿಗ್ಗು.

ಮೂರನೇ ದಿನ ಅಪ್ಪನನ್ನು ನೋಡಲು ಬಂದ ನೆಂಟರೊಬ್ಬರು, "ಏನ್ರಿ, ಭಾರಿ ಫೇಮಸ್ ಆಗೀರಿ" ಅಂತ ಫೋನ್ ತೆಗೆದು ಅಪ್ಪನ ಮುಂದೆಯೇ ಹಿಡಿದರು. ಅಪ್ಪ ಪೂರ್ತಿ ನೋಡಿದರು. ತುತ್ತು ಜಾರುವುದನ್ನೂ ನೋಡಿದರು. ನಾನು ಅಡುಗೆಮನೆ ಬಾಗಿಲಲ್ಲಿ ಚಹಾ ತಟ್ಟೆ ಹಿಡಿದು ನಿಂತಿದ್ದೆ. ಅವರು ನನ್ನ ಕಡೆ ನೋಡಲಿಲ್ಲ. ಎದ್ದು ಒಳಕೋಣೆಗೆ ಹೋಗಿ ಗೋಡೆ ಕಡೆ ತಿರುಗಿ ಮಲಗಿದರು. ಮಾರನೇ ದಿನ ಮೂರು ಗಂಟೆಗೆ ಕರೆದರೆ ಬರಲಿಲ್ಲ. ಅದರ ಮರುದಿನವೂ ಇಲ್ಲ. ಆ ಒಂದು ಮಾತನ್ನೂ ಆಡಲಿಲ್ಲ.

ಅವ್ವ ಕೂಗಾಡಲಿಲ್ಲ. ಅವರೆಕಾಯಿ ಸುಲಿಯುತ್ತ ಹೇಳಿದಳು. "ನಿಮ್ಮಪ್ಪ ಇಷ್ಟು ವರ್ಷ ಮಂದಿ ಮೈ ಅಳತೆ ತಗಂಡಾರೆ. ಯಾರಿಗೆ ಗೂನು ಐತೆ, ಯಾರ ಒಂದು ಭುಜ ಇಳಿದೈತೆ, ಕಾಯಿಲೆ ಬಿದ್ದು ಯಾರು ಎಷ್ಟು ಸೊರಗ್ಯಾರೆ, ಎಲ್ಲಾ ಆ ಕೈಗೆ ಗೊತ್ತು. ಒಬ್ಬರದ್ದು ಇನ್ನೊಬ್ಬರ ಮುಂದೆ ಬಾಯಿ ಬಿಟ್ಟಿಲ್ಲ. ಅಂಗಿ ಹೊಲದ್ರೆ ಆ ಊನ ಕಾಣದಂಗೆ ಹೊಲೀತಿದ್ರು. ನೀನು ಅವರ ಮಗಳು."

ಅಷ್ಟೇ ಅಂದಳು. ನಾನು ಅಲ್ಲೇ ಕೂತು ಆ ವಿಡಿಯೊ ಅಳಿಸಿದೆ. ಮಾಡಿಕೊಟ್ಟವರಿಗೆ ಫೋನ್ ಮಾಡಿ ಹೇಳಿದಾಗ, "ಮೇಡಂ, ಇಂಥ ಓಟ ಮತ್ತೆ ಸಿಗಲ್ಲ" ಅಂತ ಮರುಗಿದರು. ಆಮೇಲೆ ಅಪ್ಪನ ಮಂಚದ ಬಳಿ ನೆಲದ ಮೇಲೆ ಕೂತು, "ತಪ್ಪಾತಪ್ಪ. ತೆಗೆದು ಹಾಕೀನಿ. ಇನ್ನ ಯಾವತ್ತೂ ನಿನ್ನ ಕೇಳದೆ ತೆಗೆಯಲ್ಲ" ಅಂದೆ. ಅವರು ಗೋಡೆ ಕಡೆ ತಿರುಗಿಯೇ ಮಲಗಿದ್ದರು. ಆಮೇಲೆ ಅವರ ಎಡಗೈ ಹಿಂದಕ್ಕೆ ಬಂದು, ನನ್ನ ಕೊರಳಲ್ಲಿ ಜೋತಾಡುತ್ತಿದ್ದ ಟೇಪನ್ನು ಎರಡೂ ಕಡೆ ಸಮ ಬರುವಂತೆ ಎಳೆದು ಸರಿಮಾಡಿತು. ಚಿಕ್ಕವಳಿದ್ದಾಗ ಶಾಲೆಗೆ ಹೊರಟ ನನ್ನ ಜಡೆಯ ರಿಬ್ಬನ್ನನ್ನು ಹೀಗೇ ಸಮ ಮಾಡುತ್ತಿದ್ದರು. ನಾನು ಮಂಚಕ್ಕೆ ಹಣೆ ಹಚ್ಚಿಕೊಂಡು ಅತ್ತೆ.

ಸೋಮವಾರದ ಲೈವಿನಲ್ಲಿ ನಡೆದದ್ದನ್ನು ಮುಚ್ಚಿಡದೆ ಹೇಳಿದೆ. ಆ ವಿಡಿಯೊ ನೋಡಿ ಬಂದವರಲ್ಲಿ ಬಹಳ ಜನ ಒಬ್ಬೊಬ್ಬರಾಗಿ ಹೊರಟುಹೋದರು. ಇರಲಿ ಅನ್ನಿಸಿತು.

ಉಳಿದವರಲ್ಲಿ ಒಬ್ಬರು ಭಾನುವಳ್ಳಿಯವರು. ಪ್ರತಿ ಸಲವೂ ತಪ್ಪದೆ ಬಂದು, ಕೊನೆಗೆ ಕೈ ಮುಗಿದ ಚಿತ್ರ ಹಾಕಿ ಹೋಗುತ್ತಿದ್ದರು. ಒಂದು ದಿನ ಬಾಗಿಲಲ್ಲೇ ನಿಂತಿದ್ದರು. ಮೂವತ್ತೈದರ ಆಸುಪಾಸಿನ ಹೆಣ್ಣುಮಗಳು, ಹೆಗಲಲ್ಲಿ ಚೀಲ. ಹರಿಹರಕ್ಕೆ ಬಂದು, ಅಲ್ಲಿ ಬಸ್ಸು ಬದಲಿಸಿ, ವಿದ್ಯಾನಗರದಲ್ಲಿ ಮೂರು ಕಡೆ ಕೇಳಿಕೊಂಡು ಬಂದಿದ್ದರು.

"ಬರ್ರಿ, ಕೂಡ್ರಿ" ಅಂದಳು ಅವ್ವ.

ಅವರು ಕೂತರು, ಆದರೆ ನೋಡಿದ್ದು ಅಪ್ಪನ ಕೈಯನ್ನೇ. "ನಾನು ಸಣ್ಣಾಕಿದ್ದಾಗ ನಮ್ಮವ್ವ ಎಡಗೈಗೆ ಬಟ್ಟೆ ಸುತ್ತಿ ಕಟ್ಟಿ ಉಣ್ಣಾಕ ಕೂಡಸ್ತಿದ್ಲು, ಅಜ್ಜಾರ. ಬಲಗೈಲೆ ಉಣ್ಣಾದು ಕಲ್ತೆ, ಬರೆಯಾದು ಕಲ್ತೆ. ಕತ್ತರಿ ಮಾತ್ರ ಬರಲಿಲ್ಲ. ಬ್ಯಾರೆಯವರ ಅಂಗಡಿಗೆ ಬರೀ ಹುಕ್ಸು, ಹೆಮ್ಮಿಂಗ್ ಮಾಡಿ ಕೊಡ್ತೀನಿ. ನಿಮ್ಮ ವಿಡಿಯೊ ನೋಡಿ ದಿನಾ ಮಾಡ್ತೀನಿ, ಬರವಲ್ದು."

ಅಪ್ಪ ಪಕ್ಕದ ಕುರ್ಚಿ ತಟ್ಟಿದರು. ಅವರು ಚೀಲದಿಂದ ತಮ್ಮ ಕತ್ತರಿ, ಒಂದು ಹಳೇ ಲಂಗದ ಬಟ್ಟೆ ತೆಗೆದರು. ಗಂಟೆ ಮೂರಾಗುತ್ತಿತ್ತು. "ಲೈವ್ ಹಚ್ಚಲೇನ್ರಿ? ನಿಮಗೆ ಬ್ಯಾಡ ಅಂದ್ರ ಬ್ಯಾಡ" ಅಂದೆ. ಅವರು ಫೋನಿನ ಕಡೆ ನೋಡಿದರು. "ಹಚ್ಚರಿ. ಕೈ ಅಷ್ಟ ತೋರಸ್ರಿ, ಮಕ ಬ್ಯಾಡ." ಅಪ್ಪನ ಕಡೆ ನೋಡಿದೆ. ತಲೆ ಆಡಿಸಿದರು.

ಫೋನನ್ನು ಮೇಜಿನ ಕಡೆ ಬಗ್ಗಿಸಿದೆ. ಮೊದಲ ಸಲ ಬಟ್ಟೆ ಮಡಚಿಕೊಂಡಿತು. "ಹಂಗಲ್ಲ" ಅಂದರು ಅಪ್ಪ. ಎರಡನೇ ಸಲವೂ ಮಡಚಿಕೊಂಡಿತು. ಆಗ ಅಪ್ಪ ತಮ್ಮ ಎಡಗೈಯನ್ನು ಅವರ ಎಡಗೈ ಮೇಲೆ ಇಟ್ಟು, ಹೆಬ್ಬೆರಳನ್ನು ಒಳಕ್ಕೆ ಎಳೆದು ಹಿಡಿದು, ತಾವೇ ಮುಂದಕ್ಕೆ ನಡೆಸಿದರು. ಕರಕರ ಅಂತ ಶಬ್ದ. ನಡುವೆ ಎಲ್ಲೋ ಅಪ್ಪ ಕೈ ತೆಗೆದಿದ್ದರು, ಭಾನುವಳ್ಳಿಯವರಿಗೆ ತಿಳಿಯಲಿಲ್ಲ. ಬಟ್ಟೆ ಕೊನೆಯವರೆಗೆ ಎರಡಾಗಿ ಬಿದ್ದ ಮೇಲೆ ನೋಡಿಕೊಂಡು, "ಅಯ್ಯ, ನಾನಾ ಮಾಡಿದೆ?" ಅಂದರು. ನಗುತ್ತಲೇ ಕಣ್ಣು ಒರೆಸಿಕೊಂಡರು. ಫೋನಿನಲ್ಲಿ ಸಾಲು ಸಾಲಾಗಿ ಬರಹ ಏರುತ್ತಿತ್ತು, ಓದಲು ನನಗೆ ಕಣ್ಣು ಮಂಜು.

ಅಲ್ಲಿಂದ ಮುಂದೆ ನಮ್ಮ ಚಾನೆಲ್ಲಿನಲ್ಲಿ ಕೈಗಳು ಮಾತ್ರ. ಆ ವಿಡಿಯೊ ತಂದಷ್ಟು ಜನ ಮತ್ತೆ ಒಮ್ಮೆಲೇ ಬರಲಿಲ್ಲ. ಬಂದವರು ಉಳಿದರು.

ಕ್ಲಾಸಿನವರೇ ಒಮ್ಮೆ ಕೇಳಿದರು, "ಅಕ್ಕ, ಹೊಲಿಯೋವಾಗ ಕಣ್ಣು ಸೂಜಿ ಮ್ಯಾಲಿರತೈತೆ, ಕಿವಿ ಖಾಲಿ. ಕೇಳಾಕ ಏನಾದ್ರೂ ಹಾಕ್ರಿ." ನನಗೇನು ಹೇಳಬೇಕೋ ತಿಳಿಯದೆ ಅವ್ವನ ಮುಂದೆ ಮೈಕು ಇಟ್ಟೆ. ಹೀಗೆ ನಮ್ಮ ಪಾಡ್‌ಕಾಸ್ಟ್ ಹುಟ್ಟಿತು. ಅವ್ವ ಅಂಗಡಿಯ ಕಥೆ ಹೇಳುತ್ತಾಳೆ, ಯಾರ ಹೆಸರೂ ಎತ್ತದೆ. ಮದುವೆಯ ಹಿಂದಿನ ದಿನ ಮದುಮಗನ ಪ್ಯಾಂಟು ಅದಲುಬದಲಾದದ್ದು, ಬೇಡ ಬೇಡವೆಂದರೂ ಅಪ್ಪ ಅವ್ವನಿಗೊಂದು ರವಿಕೆ ಹೊಲಿದು ತೋಳೆರಡೂ ಒಂದೇ ಕಡೆಯವು ಆದದ್ದು. ಅಪ್ಪ ಪಕ್ಕದಲ್ಲೇ ಇರುತ್ತಾರೆ. ತಪ್ಪು ಹೇಳಿದರೆ "ಹಂಗಲ್ಲ" ಅನ್ನುತ್ತಾರೆ. "ಮತ್ತೆ ಹೆಂಗೆ? ನೀವಾ ಹೇಳ್ರಿ" ಅಂತ ಅವ್ವ. ಅಪ್ಪ ಎಡಗೈಯಲ್ಲಿ ಗಾಳಿಯಲ್ಲಿ ಏನೋ ಬರೆದು ತೋರಿಸುತ್ತಾರೆ. ಅದು ಕೇಳುವವರಿಗೆ ಕಾಣುವುದಿಲ್ಲ. ಅವ್ವ ನಗುವುದು ಮಾತ್ರ ಕೇಳುತ್ತದೆ. ಆ ನಗು ಕೇಳಲೆಂದೇ ಬರುತ್ತೇವೆ ಅಂತ ಎಷ್ಟೋ ಜನ ಬರೆಯುತ್ತಾರೆ.

ಹೋದ ವರ್ಷ ಹರಿಹರದ ಅಂಗಡಿಯ ಶಟರ್ ಮತ್ತೆ ಎತ್ತಿದೆವು. ಭಾನುವಳ್ಳಿಯವರು ಅಲ್ಲಿ ಕಟಿಂಗ್‌ಗೆ ಕೂರುತ್ತಾರೆ. ಭಾನುವಾರ ನಾವು ಮೂವರೂ ದಾವಣಗೆರೆಯಿಂದ ಹೋಗಿ ಎಡಗೈಯವರಿಗೆ ಕ್ಲಾಸು ನಡೆಸುತ್ತೇವೆ. ಮೊದಲ ಭಾನುವಾರ ಆರು ಜನ ಹೆಂಗಸರು ಬಂದಿದ್ದರು. ಲೈವ್ ಹಚ್ಚೋಣವೆಂದರೆ ನೆಟ್‌ವರ್ಕ್ ಇರಲಿಲ್ಲ. ಫೋನ್ ತೆಗೆದು ಪಕ್ಕಕ್ಕಿಟ್ಟು ಕೂತೆವು. ಪಕ್ಕದ ಸ್ಟೇಷನರಿ ಅಂಗಡಿಯವರು ಬಾಗಿಲಲ್ಲಿ ನಿಂತು ಬಹಳ ಹೊತ್ತು ನೋಡಿದರು.

"ಏನ್ರಿ ಇದು, ಎಲ್ಲಾ ಎಡಗೈಯವರಾ?"

"ಹೂನ್ರಿ. ಬಲಗೈಯವರನ್ನೂ ಸೇರಿಸ್ಕೊಂತೀವಿ, ಒಳಗ ಬರ್ರಿ" ಅಂದಳು ಅವ್ವ.

ಅವರು ಚಪ್ಪಲಿ ಹೊರಗೆ ಬಿಟ್ಟು ಒಳಗೆ ಬಂದರು. ಅಪ್ಪ ಸ್ಟೂಲನ್ನು ಕಾಲಿನಿಂದ ಅವರ ಕಡೆ ಸರಿಸಿದರು.